ಅಲಗಿಗೆ ಅಂಟಿದ್ದು

ಐಹೊಳೆಯ ಹೊಳೆದಂಡೆಯಲ್ಲಿ ಕೊಡಲಿಯಾಕಾರದ ಒಂದು ಬಂಡೆ ಇದೆ. ಕ್ಷತ್ರಿಯರನ್ನು ಇಪ್ಪತ್ತೊಂದು ಸಲ ತರಿದ ಪರಶುರಾಮ ತನ್ನ ಕೊಡಲಿಯನ್ನು ಮಲಪ್ರಭೆಯ ಈ ದಂಡೆಯಲ್ಲಿ ತೊಳೆದನಂತೆ. ಕೆಂಪಾಗಿ ಹರಿಯುವ ನೀರನ್ನು ಕಂಡ ಹೆಂಗಸೊಬ್ಬಳು ‘ಅಯ್ಯೋ ಹೊಳೆ!’ ಎಂದು ಚೀರಿದಳಂತೆ. ಊರಿಗೆ ಹೆಸರು ಬಂದದ್ದು ಹಾಗೆ ಎಂದು ಜನ ಹೇಳುತ್ತಾರೆ. ಶಾಸನಗಳು ಹೇಳುವ ಹೆಸರು ಅಯ್ಯಾವೊಳೆ, ಆರ್ಯಪುರ. ಆ ಚೀರಾಟಕ್ಕೂ ಅದಕ್ಕೂ ನಂಟಿಲ್ಲ. ಆದರೂ ಕಥೆ ಸಾಯಲಿಲ್ಲ. ಅದರೊಳಗೊಂದು ಪ್ರಶ್ನೆ ಕೂತಿದೆ. ಕೊಂದವನು ತೊಳೆದದ್ದು ಕೊಡಲಿಯನ್ನು. ಪಾಪ ಇದ್ದದ್ದು ಅಲ್ಲಿಯೇ?

ಇದೇ ಹೊಳೆಯ ಮೇಲ್ಭಾಗದಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡ. ಆ ಕೊಡಲಿ ತಾಯಿ ರೇಣುಕೆಯ ಕೊರಳ ಮೇಲೂ ಬಿದ್ದಿತ್ತು, ಅದೂ ಅಪ್ಪ ಜಮದಗ್ನಿಯ ಮಾತಿಗೆ. ಅಪ್ಪಣೆ ಒಬ್ಬನದು, ಕೈ ಇನ್ನೊಬ್ಬನದು, ಅಲಗು ಕಬ್ಬಿಣದ್ದು. ತಾಯಿ ಮತ್ತೆ ಬದುಕಿದಳು ಎಂದು ಪುರಾಣ ಲೆಕ್ಕ ಮುಗಿಸುತ್ತದೆ. ಕೇಳುವವರಿಗೆ ಲೆಕ್ಕ ಮುಗಿಯುವುದಿಲ್ಲ.

ಇಷ್ಟು ಭಾರದ ಪ್ರಶ್ನೆಯನ್ನು ಕಿಸೆಯಲ್ಲಿನ ಮಡಿಸುವ ಚಾಕುವಿನ ಮುಂದಿಟ್ಟರೆ ಸ್ವಲ್ಪ ಹಗುರಾಗುತ್ತದೆ. ಚಾಕು ಮೊಂಡಾಗುತ್ತದೆ, ಮಸೆಯಬೇಕಾಗುತ್ತದೆ. ಮಸೆಯುವ ಕಲ್ಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಬಾದಾಮಿ, ಪಟ್ಟದಕಲ್ಲಿನ ಕೆಂಪು ಮರಳುಗಲ್ಲೆಂದರೆ ಬಹುಪಾಲು ಬೆಣಚಿನ ಕಣಗಳ ಒತ್ತು. ಗಡಸುತನವನ್ನು ವಿಕರ್ಸ್ ಅಳತೆಯಲ್ಲಿ ನೋಡಿದರೆ ಬೆಣಚು ಸುಮಾರು 1100, ಒಳ್ಳೆಯ ಹದ ಕೊಟ್ಟ ಚಾಕುವಿನ ಉಕ್ಕು ಸುಮಾರು 700. ಹಳೆಯ ಕಾಲದ ಕುಡುಗೋಲು, ಬಾಚಿ, ಉಳಿಗಳಿಗೆ ಮರಳುಗಲ್ಲೇ ಸಾಕಾಗಿದ್ದುದರ ಗುಟ್ಟು ಇಷ್ಟೇ.

ಈಗಿನ ದುಬಾರಿ ಚಾಕುಗಳ ಉಕ್ಕು ಈ ಲೆಕ್ಕ ಕೆಡಿಸಿದೆ. ಎಸ್ 90 ವಿ ಎಂಬ ಅಮೆರಿಕದ ಉಕ್ಕಿನಲ್ಲಿ ನೂರಕ್ಕೆ 9 ಪಾಲು ವೆನೇಡಿಯಂ. ಅದು ಇಂಗಾಲದ ಜೊತೆ ಕೂಡಿ ಕಾರ್ಬೈಡ್ ಕಣಗಳಾಗಿ ಉಕ್ಕಿನ ಮೈತುಂಬ ಹರಡಿಕೊಂಡಿರುತ್ತದೆ. ಆ ಕಣಗಳ ಗಡಸು 2600ಕ್ಕೂ ಮೇಲೆ. ಬೆಣಚು ಅಲ್ಲಿ ಸೋಲುತ್ತದೆ. ಬಿಳಿ ಅಥವಾ ಕಂದು ಬಣ್ಣದ ಅಲ್ಯುಮಿನಿಯಂ ಆಕ್ಸೈಡ್ ಕಲ್ಲೂ 2000ದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಲ್ಲು ಸುತ್ತಲಿನ ಉಕ್ಕನ್ನು ಸವೆಸುತ್ತದೆ, ಕಣಗಳು ಮಾತ್ರ ಜಗ್ಗುವುದಿಲ್ಲ. ಉಳಿಯುವುದು ವಜ್ರ, ಸುಮಾರು 10000. ಗಣಿಯ ವಜ್ರವನ್ನು ಯಾರೂ ಚಾಕು ಮಸೆಯಲು ಹಾಳುಮಾಡಬೇಕಿಲ್ಲ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ವಜ್ರವನ್ನು ಕೈಯಾರೆ ಮಾಡಿ ತೋರಿಸಿದ ಮೇಲೆ ಅದರ ಪುಡಿ ಅಂಗಡಿ ಸರಕಾಯಿತು. ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಕಲ್ಲನ್ನು ಹಲಗೆ ಹಲಗೆಯಾಗಿ ಕೊಯ್ಯುವ ಗರಗಸದ ಹಲ್ಲಿನಲ್ಲೂ ಇರುವುದು ಇದೇ ಪುಡಿ.

ವಜ್ರದ ಮಸೆಗಲ್ಲು ಎಂಬ ಹೆಸರೇ ತಪ್ಪು, ಅದರಲ್ಲಿ ಕಲ್ಲೇ ಇಲ್ಲ. ಉಕ್ಕಿನ ಹಲಗೆಯ ಮೇಲೆ ನಿಕಲ್ ಲೇಪ, ಆ ಲೇಪದಲ್ಲಿ ಅರ್ಧ ಹುದುಗಿದ ವಜ್ರದ ಕಣಗಳು. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹಲಗೆ ಸಮತಟ್ಟಾಗಿದೆಯೇ ಎಂಬುದನ್ನು. ನೇರವಾದ ಅಳತೆಪಟ್ಟಿಯೊಂದನ್ನು ಮೇಲಿಟ್ಟು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಒಂದು ಮುಖ 400, ಇನ್ನೊಂದು 1000 ನಂಬರಿನದಾದರೆ ದಿನಬಳಕೆಗೆ ಧಾರಾಳವಾಯಿತು. ಹೊಸತರಲ್ಲಿ ಹಲಗೆ ಒರಟಾಗಿ ಕಚ್ಚುತ್ತದೆ, ಮೇಲೆದ್ದ ಕಣಗಳು ಉದುರಿದ ಮೇಲೆ ಹದಕ್ಕೆ ಬರುತ್ತದೆ. ಒತ್ತಿ ತಿಕ್ಕುವವರು ಕಣಗಳನ್ನು ಲೇಪದಿಂದ ಕಿತ್ತು ಹಲಗೆಯನ್ನೇ ಕೊಲ್ಲುತ್ತಾರೆ. ಚಾಕುವಿನ ತೂಕಕ್ಕಿಂತ ತುಸುವೇ ಹೆಚ್ಚು ಭಾರ ಬಿದ್ದರೆ ಸಾಕು, ಒಂದೆರಡು ಹನಿ ಸೋಪುನೀರು ಬೇಕು. ಇನ್ನು ಸಂತೆಯಲ್ಲಿ ಕೊಂಡ ಅಡುಗೆಮನೆಯ ಚಾಕುವಿಗೆ ವಜ್ರ ಬರೀ ಒಣ ಠೀವಿ. ಅದಕ್ಕೆ ಕಾರ್ಬೊರಂಡಂ ಕಲ್ಲೇ ಲೇಸು.

ಹತ್ತು ಸಲ ಎಳೆದ ಮೇಲೆ ಹಲಗೆಯನ್ನು ನೋಡಬೇಕು. ನೀರು ಕಪ್ಪಾಗಿರುತ್ತದೆ, ಬೆರಳಲ್ಲಿ ಒರೆಸಿದರೆ ಕಾಡಿಗೆಯ ಹಾಗೆ ಹತ್ತುತ್ತದೆ. ಆ ಕಪ್ಪು ನಿನ್ನೆಯ ಅಲಗು. ನಿನ್ನೆ ಮಾವಿನಕಾಯಿ ಹೆಚ್ಚಿದ್ದು, ಹಗ್ಗ ಕೊಯ್ದದ್ದು ಅದೇ ಉಕ್ಕು. ಈಗ ಚಾಕುವಿನ ಬಾಯಲ್ಲಿರುವ ಉಕ್ಕು ನಿನ್ನೆ ಒಳಗಿತ್ತು, ಏನನ್ನೂ ಮುಟ್ಟಿರಲಿಲ್ಲ. ಪರಶುರಾಮ ಕೊಡಲಿಯನ್ನು ತೊಳೆಯುವ ಬದಲು ಅದೇ ದಂಡೆಯ ಬಂಡೆಗೆ ಮಸೆದಿದ್ದರೆ ಕೊಂದ ಅಲಗು ಕಿಟ್ಟವಾಗಿ ಹೊಳೆ ಸೇರುತ್ತಿತ್ತು. ಹಿಡಿದ ಕೈ ಅದೇ ಇರುತ್ತಿತ್ತು.

ಅಲಗು ಬದಲಾದ ಮೇಲೂ ಚಾಕು ಅದೇ ಎನ್ನುವುದು ಹೇಗೆ ಎಂಬ ಈ ತರ್ಕ ಬೌದ್ಧರಿಗೆ ಹೊಸದೇನಲ್ಲ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ರಥವನ್ನು ತೋರಿಸಿ ಗಾಲಿ ರಥವೇ, ನೊಗ ರಥವೇ ಎಂದು ಬಿಡಿಬಿಡಿಯಾಗಿ ಕೇಳಿ ಸುಸ್ತುಮಾಡಿದ ಪ್ರಸಂಗ ಮಿಲಿಂದಪನ್ಹದಲ್ಲಿದೆ. ಐಹೊಳೆಯ ಮೇಗುತಿ ಗುಡ್ಡದ ಇಳಿಜಾರಿನಲ್ಲಿ ಎರಡಂತಸ್ತಿನ ಬೌದ್ಧ ಗುಡಿ ಇದೆ. ಗುಡ್ಡದ ನೆತ್ತಿಯಲ್ಲಿ 634ರಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯ. ಕೊಡಲಿಯ ಪ್ರಶ್ನೆಗೆ ಎಲ್ಲರಿಗಿಂತ ಚೂಪಾದ ಉತ್ತರ ಇರುವುದು ಜೈನರಲ್ಲಿ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥರು ಬಿಡಬೇಕಾದ ನಿರರ್ಥಕ ಪಾಪಗಳಾದ ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಎಣಿಸುತ್ತದೆ. ಅಂದರೆ ಕೊಲ್ಲಲು ನೆರವಾಗುವ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು. ಪಟ್ಟಿಯಲ್ಲಿ ಮೊದಲು ಬರುವುದೇ ಕೊಡಲಿ, ಆಮೇಲೆ ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ. ಗುದ್ದಲಿಯೂ ಬೆಂಕಿಯೂ ಅಲ್ಲಿರುವುದನ್ನು ಗಮನಿಸಬೇಕು. ದೋಷವನ್ನು ವಸ್ತುವಿನಲ್ಲಿ ಹುಡುಕದೆ, ಹೊಡೆದ ಕೈಯಲ್ಲಿ ಮಾತ್ರವೂ ಹುಡುಕದೆ, ದಾಟಿಸಿದ ಕೈಯನ್ನೂ ಹಿಡಿದು ನಿಲ್ಲಿಸುವ ವಿಚಾರ ಇದು. ಜಮದಗ್ನಿಯ ಲೆಕ್ಕ ಇಲ್ಲಿ ಸಿಗುತ್ತದೆ.

ಆದರೆ ಗುದ್ದಲಿ ಕೊಡದೆ ಹೊಲ ನಡೆಯುವುದಿಲ್ಲವಲ್ಲ. ಕೆಲಸದ ಅಲಗಿಗೆ ಗೌರವವೂ ಉಂಟು. ಮಲಪ್ರಭೆ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಸಂಗಮದ ಬಸವಣ್ಣನ ಜೊತೆಗಾರ ಶರಣರಲ್ಲಿ ಒಬ್ಬಾತನ ಹೆಸರೇ ಬಾಚಿಕಾಯಕದ ಬಸವಯ್ಯ. ಮರ ಕೆತ್ತುವ ಬಾಚಿ ಆತನ ಹೆಸರಿಗೇ ಹತ್ತಿಕೊಂಡಿತು, ನಾಚಿಕೆಯಿಂದಲ್ಲ, ಗೌರವದಿಂದ. ಪಟ್ಟದಕಲ್ಲಿನಲ್ಲೂ ಹಾಗೆಯೇ. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಗೆ ಸಂದ ಬಿರುದನ್ನು ಹೇಳುತ್ತದೆ. ಆ ಗುಡಿ ಆಕೆಯ ಗಂಡ ಕಂಚಿಯನ್ನು ಗೆದ್ದ ನೆನಪಿನದು. ಕತ್ತಿಯ ಗೆಲುವನ್ನು ಉಳಿ ಬರೆದಿಟ್ಟಿತು ಎನ್ನಬೇಕು. ಎರಡೂ ಒಂದೇ ಜಾತಿಯ ಉಕ್ಕು, ಎರಡಕ್ಕೂ ಒಂದೇ ಬಗೆಯ ಕಲ್ಲು.

ಕನ್ನಡ ನುಡಿಯೂ ಇಲ್ಲಿ ಎರಡು ಮನಸ್ಸಿನಲ್ಲಿದೆ. ಬುದ್ಧಿಯನ್ನು ಸಾಣೆಗೆ ಹಿಡಿದರೆ ಮೆಚ್ಚುಗೆ. ಹಲ್ಲು ಮಸೆದರೆ, ಕತ್ತಿ ಮಸೆದರೆ ಹಗೆತನ. ಸಾಣೆಗೂ ಮಸೆಗೂ ಕೆಲಸ ಒಂದೇ. ಮನದಲ್ಲಿರುವುದೇನು ಎಂಬುದನ್ನು ನೋಡಿ ನುಡಿ ಪದ ಆರಿಸುತ್ತದೆ. ಭಾರತದ ಆಯುಧ ನಿಯಮಗಳೂ ಇದೇ ದಾರಿ ಹಿಡಿದಿವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದರೆ ಆಯುಧ. ಆದರೆ ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದ್ದಕ್ಕೆ ವಿನಾಯಿತಿ. ಅಳತೆ ಕೇಳಿದ ಕಾನೂನು ಕೊನೆಗೆ ಉದ್ದೇಶವನ್ನೂ ಕೇಳುತ್ತದೆ.

ಮಹಾನವಮಿಯ ಹೊತ್ತಿನಲ್ಲಿ ಬಾಗಲಕೋಟೆ ಸೀಮೆಯ ಮನೆಗಳಲ್ಲಿ ಕೊಡಲಿ, ಕುಡುಗೋಲು, ಇಳಿಗೆ ಎಲ್ಲ ತಿಕ್ಕಿಸಿಕೊಳ್ಳುತ್ತವೆ, ಪೂಜೆಗೆ ಕೂರುತ್ತವೆ. ಅದು ವರ್ಷಕ್ಕೊಮ್ಮೆ. ದಿನನಿತ್ಯದ ಆಚಾರ ಇನ್ನೂ ಸಣ್ಣದು, ಹಿಂಸಾದಾನದ ಹೆಸರು ಕೇಳಿರದ ಮನೆಗಳಲ್ಲೂ ಉಂಟು. ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರೆ. ಕೊಡುವವರು ನೆಲಕ್ಕಿಡುತ್ತಾರೆ, ಬೇಕಾದವರು ತಾವೇ ಎತ್ತಿಕೊಳ್ಳುತ್ತಾರೆ. ವಜ್ರದ ಹಲಗೆಯಲ್ಲಿ ಈಗಷ್ಟೇ ಮಸೆದ ಚಾಕುವಾದರೆ ಮಡಿಸಿ ಇಡುವುದು ಮೇಲು.