ಇಂದಿನ ಧಮ್ಮಚಿಂತನೆ: ಆಟೋಪೈಲಟ್ ಕೈಬಿಟ್ಟ ಗಳಿಗೆ



ವಿಮಾನ ಮೇಲೇರಿದ ಮೇಲೆ ದಿಕ್ಕು, ಎತ್ತರಗಳನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ. ಹಾಗಾದರೆ ಪೈಲಟ್ ಯಾಕೆ ಬೇಕು?

2009ರ ಜೂನ್ 1. ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ ರಾತ್ರಿ ಅಟ್ಲಾಂಟಿಕ್ ಸಾಗರದ ಮೇಲಿತ್ತು. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆಯ ಹರಳು ಕಟ್ಟಿಕೊಂಡು ವೇಗದ ಲೆಕ್ಕ ತಪ್ಪಿತು. ಲೆಕ್ಕ ಸಿಗದ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಎಂಜಿನ್‌ಗಳು ಚೆನ್ನಾಗಿಯೇ ಇದ್ದವು. ವಿಮಾನವನ್ನು ಇದ್ದ ಹಾಗೆಯೇ ಹಿಡಿದುಕೊಂಡಿದ್ದರೆ ಸಾಕಿತ್ತು. ಆದರೆ ಆ ಗಾಬರಿಯಲ್ಲಿ ಮೂತಿಯನ್ನು ಮೇಲಕ್ಕೆತ್ತಿದರು. ವೇಗ ಕುಸಿದು ರೆಕ್ಕೆಗಳಿಗೆ ಗಾಳಿಯ ಆಸರೆ ತಪ್ಪಿತು. ಎಚ್ಚರಿಕೆಯ ದನಿ ಮತ್ತೆ ಮತ್ತೆ ಕೂಗಿದರೂ ಏನಾಗುತ್ತಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಐದು ನಿಮಿಷದೊಳಗೆ 228 ಜನ ಸಮುದ್ರದ ಪಾಲಾದರು.

ಆ ಪೈಲಟ್‌ಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. ದಾರಿ ಸಲೀಸಾಗಿರುವಷ್ಟು ಹೊತ್ತು ಯಂತ್ರ ನಡೆಸುತ್ತದೆ. ಕಗ್ಗಂಟಾದ ಗಳಿಗೆಯಲ್ಲಿ ತಟ್ಟನೆ ಮನುಷ್ಯನ ಕೈಗೆ ಕೊಡುತ್ತದೆ, ಅದೂ ರೂಢಿ ತಪ್ಪಿದ ಕೈಗೆ. ಅಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಾರೆ ಹಾರಿಸುವ ತರಬೇತಿ ಬೇಕೆಂದು ತನಿಖಾ ವರದಿಯೂ ಹೇಳಿತು.

ಅದೇ ವರ್ಷ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಒಂದು ವಿಮಾನದ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡವು. ನಿಲ್ದಾಣ ಮುಟ್ಟಲಾಗದು ಎಂದು ಅರಿತ ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು. ಆ ತೀರ್ಮಾನ ಯಾವ ಆಟೋಪೈಲಟ್‌ನದೂ ಅಲ್ಲ.

ನಮ್ಮೊಳಗೂ ಒಂದು ಆಟೋಪೈಲಟ್ ಇದೆ. ಕಳೆದ ತಿಂಗಳು ತರಗತಿಯಲ್ಲಿ ವರ್ಷಗಳಿಂದ ಹೇಳಿದ ಪಾಠವನ್ನೇ ಹೇಳುತ್ತಿದ್ದೆ. ಬಾಯಿ ತನ್ನಷ್ಟಕ್ಕೆ ಆಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ತಲೆಯಿಟ್ಟು ಮಲಗಿದ್ದಳು. "ನಿದ್ದೆ ಮಾಡೋಕೆ ಶಾಲೆಗೆ ಬರ್ತೀಯಾ?" ಎಂದು ಗದರಿದೆ. ಅವಳು ಎದ್ದು ನಿಂತಳು, ಏನೂ ಹೇಳಲಿಲ್ಲ. ಅಪ್ಪನ ಜೊತೆ ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ನೇರ ಶಾಲೆಗೆ ಬಂದಿದ್ದಳೆಂದು ಗೆಳತಿಯರಿಂದ ಆಮೇಲೆ ಗೊತ್ತಾಯಿತು. ಮರುದಿನ ಅವಳ ಬಳಿ ಹೋಗಿ ತಪ್ಪಾಯಿತು ಎಂದೆ. ಆದರೆ ಅವಳ ಮುಖವನ್ನು ನೋಡಬೇಕಾದ ಹೊತ್ತಿನಲ್ಲಿ ನಾನು ನೋಡಿರಲಿಲ್ಲ.

ಭಗವಾನ್ ಬುದ್ಧರ ಕೊನೆಯ ಉಪದೇಶ ಅಪ್ಪಮಾದದ ಬಗ್ಗೆ, ಅಂದರೆ ಮೈಮರೆಯದ ಎಚ್ಚರದ ಬಗ್ಗೆ. ಸಿಟ್ಟು ಬಂದ ಮೇಲೆ ಸತಿಯನ್ನು ಕಲಿಯಲು ಸಮಯವಿರುವುದಿಲ್ಲ. ಸಂಕಟವಿಲ್ಲದ ದಿನಗಳಲ್ಲೂ ನಾವು ಬೆಳಿಗ್ಗೆ ಕೂತು ಉಸಿರನ್ನು ಗಮನಿಸುವುದು ಅದಕ್ಕೇ.

ಇಂದು ಯಾರನ್ನಾದರೂ ಗದರುವ ಮುನ್ನ ಒಂದು ಉಸಿರು ತಡೆದು, ಅವರ ಮುಖವನ್ನೊಮ್ಮೆ ನೋಡೋಣ.

ಸಬ್ಬೇ ಸತ್ತಾ ಸುಖಿ ಹೊಂತು. ಸಾಧು, ಸಾಧು, ಸಾಧು 🙏