ಕ್ಷಮೆ ಬಂದಾಗ ಹಗ್ಗ ಬಿಗಿದಾಗಿತ್ತು

ಪುಣೆ–ನಾಸಿಕ ಹೆದ್ದಾರಿಯಲ್ಲಿ ಸಿನ್ನರ್ ತಲುಪುವ ಮೊದಲು ನಾಂದೂರ್ ಶಿಂಗೋಟೆ ಎಂಬ ಊರು ಸಿಗುತ್ತದೆ. 1857ರ ಅಕ್ಟೋಬರ್ 4ರಂದು ಅದರ ಸಮೀಪದ ಗುಡ್ಡದಲ್ಲಿ ಭಿಲ್ಲರ ನಾಯಕ ಭಾಗೋಜಿ ನಾಯಕನ ದಂಡಿಗೂ ಕಂಪನಿಯ ಪೊಲೀಸರಿಗೂ ಕಾಳಗ ನಡೆಯಿತು. ಭಾಗೋಜಿಯ ಜೊತೆಗಿದ್ದವರು ಸುಮಾರು ಐವತ್ತು ಜನ. ಪೊಲೀಸ್ ಸೂಪರಿಂಟೆಂಡೆಂಟ್ ಲೆಫ್ಟಿನೆಂಟ್ ಹೆನ್ರಿ ಗುಂಡು ತಗುಲಿ ಸತ್ತ. ಭಾಗೋಜಿ ಹಿಂದೆ ಅಹಮದ್‌ನಗರದ ಪೊಲೀಸಿನಲ್ಲೇ ಅಧಿಕಾರಿಯಾಗಿದ್ದವನು. 1855ರಲ್ಲಿ ಅದೇ ಸರ್ಕಾರ ಅವನನ್ನು ಜೈಲಿಗೆ ಹಾಕಿತ್ತು.

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದರು. ಶಾಲೆಯಲ್ಲಿ ನಾವು ಓದಿದ್ದು ಅದರ ಧರ್ಮಸಹಿಷ್ಣುತೆಯ ಮಾತುಗಳನ್ನು. ಅದೇ ಘೋಷಣೆಯ ಕೊನೆಯ ಭಾಗದಲ್ಲಿ ಕ್ಷಮಾದಾನವಿತ್ತು: ಆಯುಧ ಕೆಳಗಿಟ್ಟು 1859ರ ಜನವರಿ 1ರೊಳಗೆ ಮನೆಗೆ ಮರಳಿದವರಿಗೆ ಪೂರ್ತಿ ಕ್ಷಮೆ, ಬಂಡಾಯದ ಮುಂದಾಳುಗಳಿಗೆ, ಕೊಲೆಗಾರರಿಗೆ ಗೊತ್ತಿದ್ದೂ ಆಸರೆ ಕೊಟ್ಟವರಿಗೆ ಪ್ರಾಣ ಮಾತ್ರ ಉಳಿಯುತ್ತದೆ, ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಯಾದವರಿಗೆ ಏನೂ ಇಲ್ಲ.

ಕೊಲೆಗಾರರಿಗೆ ಕ್ಷಮೆ ಇರಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಕಾನ್‌ಪುರದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೊಂದವರನ್ನು ಯಾವ ಸ್ವಾತಂತ್ರ್ಯದ ಹೆಸರಿನಲ್ಲೂ ಕಾಪಾಡಲಾಗದು. ಆದರೆ ಹೆನ್ರಿ ಸತ್ತದ್ದು ಕೈಯಲ್ಲಿ ಆಯುಧ ಹಿಡಿದು, ತನ್ನ ಪಡೆಯ ಮುಂದೆ ನಿಂತು. ಅಂಥ ಸಾವಿಗೂ ಕೊಲೆಯೆಂದು ಹೆಸರಿಟ್ಟರೆ ಗಂಭೀರವಾಗಿ ಹೋರಾಡಿದ ಒಬ್ಬನೂ ಕ್ಷಮೆಯ ಒಳಗೆ ಬರುವುದಿಲ್ಲ. ಭಾಗೋಜಿ ಶರಣಾಗಲಿಲ್ಲ. 1859ರ ನವೆಂಬರ್ 11ರಂದು ಸಿನ್ನರ್ ತಾಲ್ಲೂಕಿನ ಮಿಠ್‌ಸಾಗರದಲ್ಲಿ ಫ್ರಾಂಕ್ ಸೌಟರನ ಪಡೆ ಅವನನ್ನು ಕೊಲ್ಲುವವರೆಗೂ ಕಾದಾಡಿದ. ಘೋಷಣೆಯನ್ನು ಓದಿ ಒಂದು ವರ್ಷವೂ ಹತ್ತು ದಿನವೂ ಆಗಿತ್ತು.

ಆಗಿನ ಔರಂಗಾಬಾದು, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಕ್ಷಮೆಯ ಪ್ರಶ್ನೆಯೇ ಏಳಲಿಲ್ಲ. 1857ರ ಜೂನ್‌ನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಒಂದನೇ ಅಶ್ವದಳದ ಸವಾರರು, ದಿಲ್ಲಿಯ ಬಾದಶಹನ ಮೇಲೆ ಕತ್ತಿ ಎತ್ತುವುದಿಲ್ಲ ಎಂದರು. ಪುಣೆಯ ಕಡೆಯಿಂದ ಜನರಲ್ ವುಡ್‌ಬರ್ನನ ಪಡೆ ಬಂತು. ವಿಚಾರಣೆ ದಿನಗಳ ಲೆಕ್ಕದಲ್ಲಿ ಮುಗಿಯಿತು. ಮೀರ್ ಫಿದಾ ಅಲಿಯನ್ನು ನೇಣಿಗೇರಿಸಿದರು, ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಆ ಸ್ಥಳವನ್ನು ಜನ ಕಾಲಾ ಚಬೂತರಾ ಎಂದರು. ಊರಿನ ಕ್ರಾಂತಿ ಚೌಕಕ್ಕೆ ಹೆಸರು ಬಂದದ್ದು ಹಾಗೆ ಸತ್ತವರಿಂದ. ಅಲ್ಲಿಂದ ತಪ್ಪಿಸಿಕೊಂಡು ಹೈದರಾಬಾದಿನಲ್ಲಿ ಸೆರೆಸಿಕ್ಕ ಜಮಾದಾರ ಚೀದಾ ಖಾನನನ್ನು ಬಿಡಿಸಲೆಂದೇ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ಏರಿಹೋದರು. ಮೌಲ್ವಿ ಅಂಡಮಾನಿಗೆ ಹೋದದ್ದು 1859ರಲ್ಲಿ, ರಾಣಿ ಕ್ಷಮಿಸಿದ ಮೇಲೆ. ಅವನು ಸತ್ತದ್ದೂ ಅಲ್ಲೇ.

ನಮ್ಮ ಕಡೆಯ ತಾರೀಕುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಲಗಲಿಯ ಬೇಡರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದ್ದು 1857ರ ಡಿಸೆಂಬರ್‌ನಲ್ಲಿ. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ನೇಣಿಗೆ ಹಾಕಿದ್ದು 1858ರ ಜೂನ್ 12ರಂದು. ಮುಂಡರಗಿ ಭೀಮರಾಯ ಅದೇ ತಿಂಗಳ ಆರಂಭದಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದಿದ್ದ. ನವೆಂಬರಿನ ಔದಾರ್ಯಕ್ಕೆ ಪಾತ್ರರಾಗಲು ಇವರಲ್ಲಿ ಯಾರೂ ಉಳಿದಿರಲಿಲ್ಲ.

ಜೀವಂತ ಇರುವಾಗಲೇ ದಯೆ ಸಿಕ್ಕವನು ಸುರಪುರದ ದೊರೆ ವೆಂಕಟಪ್ಪ ನಾಯಕ. ಇಪ್ಪತ್ತೈದರ ಆಸುಪಾಸಿನ ಹುಡುಗ. ಮೊದಲು ಮರಣದಂಡನೆ, ಆಮೇಲೆ ಜೀವಾವಧಿ ಗಡೀಪಾರು, ಗವರ್ನರ್ ಜನರಲ್ ಮಟ್ಟದಲ್ಲಿ ಅದೂ ಇಳಿದು ನಾಲ್ಕು ವರ್ಷದ ಸೆರೆ. ನಡತೆ ಸರಿಯಿದ್ದರೆ ಸಂಸ್ಥಾನವನ್ನೂ ಮರಳಿ ಕೊಡುವ ಮಾತಿತ್ತು. ಮದ್ರಾಸಿನ ಕಡೆಗೆ ಕರೆದೊಯ್ಯುವಾಗ ಮೊದಲ ತಂಗಿನಲ್ಲೇ ಅವನು ಗುಂಡಿನಿಂದ ಸತ್ತ. ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾನೇ ಹೊಡೆದುಕೊಂಡ ಎಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದಿದ್ದಾನೆ. ಆ ಹುಡುಗ ಟೇಲರನನ್ನು ಅಪ್ಪ ಎಂದು ಕರೆಯುತ್ತಿದ್ದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡೂ ಬಂದಿದ್ದ. ಇಡೀ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಒಂದೇ: ನೆಲ ತನ್ನದು, ಹೋರಾಟ ತನ್ನದು, ಆದರೂ ತಾನು ತಪ್ಪಿತಸ್ಥ ಎಂದು ಒಪ್ಪಿಕೊಂಡರೆ ಮಾತ್ರ ಆ ದಯೆ ಅವನದಾಗುತ್ತಿತ್ತು. ಗೆದ್ದವನು ಕೊಡುವ ಕ್ಷಮೆಯಲ್ಲಿ ಈ ಬೆಲೆ ಸದಾ ಸೇರಿರುತ್ತದೆ.

ನಾಸಿಕಕ್ಕೆ ಇನ್ನೊಂದು ರಾಜಕ್ಷಮೆಯ ನೆನಪಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಡಿಸೆಂಬರ್‌ನಲ್ಲಿ, ಐದನೇ ಜಾರ್ಜ್ ರಾಜಕೀಯ ಕೈದಿಗಳಿಗೆ ದಯೆ ತೋರುವಂತೆ ವೈಸರಾಯನಿಗೆ ಸೂಚಿಸಿದ. ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಒಮ್ಮೆ ಮರಣದಂಡನೆಗೇ ಗುರಿಯಾಗಿದ್ದ ಬಾರೀಂದ್ರ ಘೋಷ್ ಹೊರಬಂದರು. ನಾಸಿಕದ ಭಗೂರಿನ ಗಣೇಶ ಸಾವರ್ಕರ್ ಕವಿತೆಗಳನ್ನು ಪ್ರಕಟಿಸಿದ್ದಕ್ಕೆ 1909ರಲ್ಲಿ ಜೀವಾವಧಿ ಶಿಕ್ಷೆ ಪಡೆದವರು. ಅವರಿಗೆ ಬಿಡುಗಡೆ ಸಿಗಲಿಲ್ಲ, 1922ರವರೆಗೆ ಕಾಯಬೇಕಾಯಿತು. ಅಂದರೆ ಯಾರು ರಕ್ತ ಹರಿಸಿದರು ಎಂಬುದೂ ಅಲ್ಲಿ ಅಳತೆಯಾಗಿರಲಿಲ್ಲ. ಸರ್ಕಾರ ಯಾರಿಗೆ ಹೆದರಿತ್ತು ಎಂಬುದೇ ಅಳತೆ.

1948ರಲ್ಲಿ ಪಾತ್ರಗಳು ಬದಲಾದವು. ನಿಜಾಮನ ಆಡಳಿತದ ವಿರುದ್ಧ ನಿಂತವರು ಗಡಿ ದಾಟಿ ನಾಸಿಕ ಜಿಲ್ಲೆಯ ಮನ್ಮಾಡದಲ್ಲಿ, ನಮ್ಮ ಕಡೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದ್ದರು. ಸುಂಕದ ನಾಕೆಗಳನ್ನು ಸುಟ್ಟರು, ನಿಜಾಮನ ಪರ ನಿಂತ ರಜಾಕಾರರೊಡನೆ ಕಾದರು. ಹೈದರಾಬಾದಿನ ಕಾನೂನಿನ ಕಣ್ಣಿಗೆ ದರೋಡೆಕೋರರಾದರು. ಚಳವಳಿಯ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು, ಆಗ ನಿಜಾಮನ ಜೈಲಿನಲ್ಲಿದ್ದರು. ಸೆಪ್ಟೆಂಬರ್ 17ರಂದು ನಿಜಾಮ ಶರಣಾದ, ಸ್ವಾಮೀಜಿ ಹೊರಬಂದರು, ಶಿಬಿರದವರು ಮನೆಗೆ ಮರಳಿದರು. ಅವರು ಯಾರ ಮುಂದೆಯೂ ತಪ್ಪೊಪ್ಪಿಗೆ ಬರೆಯಬೇಕಾಗಲಿಲ್ಲ. ನನಗೆ ಸರಿ ಎನಿಸುವುದು ಇದೇ ದಾರಿ. ಫ್ರಾನ್ಸಿನ ವಿಮೋಚನಾ ಸಮಿತಿ 1943ರ ಜುಲೈನಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯೂ ಹೀಗೆಯೇ ಇತ್ತು: ನಾಡಿನ ಬಿಡುಗಡೆಗಾಗಿ ಮಾಡಿದ ಕೃತ್ಯಗಳು ನ್ಯಾಯಸಮ್ಮತ ಎಂದಿತು, ಕ್ಷಮಿಸಿದ್ದೇವೆ ಎನ್ನಲಿಲ್ಲ.

ಆದರೆ ಹೆನ್ರಿಯ ವಿಷಯದಲ್ಲಿ ನಾನು ಕೇಳಿದ ಭೇದವನ್ನು ನಮ್ಮವರ ಮೇಲೂ ಹಾಕಬೇಕು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಯಾವ ಕ್ಷಮೆಯೂ ಸಲ್ಲದು. ನಿಜಾಮನನ್ನು ಮಣಿಸಿದ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳು ನಡೆದವು. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ವರದಿ ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು. ನಿರಾಯುಧರನ್ನು ಕೊಂದವರಿಗೆ ಆ ಮೌನವೇ ಕ್ಷಮಾದಾನವಾಯಿತು, ಅದಕ್ಕೆ ಘೋಷಣೆಯೂ ಬೇಕಾಗಲಿಲ್ಲ. ಸೆಪ್ಟೆಂಬರ್ 17ನ್ನು ಸಂಭಾಜಿನಗರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನವೆಂದೂ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುತ್ತೇವೆ. ಧ್ವಜಾರೋಹಣದ ವೇದಿಕೆಯಿಂದ ಶಿಬಿರದ ಹೋರಾಟಗಾರರ ಹೆಸರುಗಳನ್ನು ಓದುವಾಗ, ಗೋರ್ಟಾದಲ್ಲಿ ಸತ್ತವರನ್ನೂ ಆ ಸೆಪ್ಟೆಂಬರಿನ ನಂತರದ ವಾರಗಳಲ್ಲಿ ಸತ್ತವರನ್ನೂ ಒಂದೇ ಉಸಿರಿನಲ್ಲಿ ನೆನೆಯಬೇಕು, ಸುಂದರಲಾಲ್ ವರದಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿ ಎರಡೂ ರಾಜ್ಯಗಳ ಕಾಲೇಜುಗಳಿಗೆ ಕಳಿಸಬೇಕು.