ಕೇಳದವನಿಗೆ ಕೊಟ್ಟ ಕ್ಷಮೆ

ಜನವರಿ ಕೊನೆಯಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಹಬ್ಬ. ಮತಭೇದವಿಲ್ಲದೆ ಜನ ಮೊಂಬತ್ತಿ ಹರಕೆ ಒಪ್ಪಿಸಲು ಬರುತ್ತಾರೆ. ಮಣಿಪಾಲದಲ್ಲಿ ಓದುವ ನಾನು ಹೋದದ್ದು ಕಾಪುವಿನ ಗೆಳತಿಯ ತಾಯಿಯ ಜೊತೆ. ಸರದಿಯಲ್ಲಿ ನಿಂತಿದ್ದಾಗ ಆಂಟಿ ತನ್ನ ತಮ್ಮನ ಮಾತು ತೆಗೆದರು. ಅಡವಿಡಲೆಂದು ಒಯ್ದ ಬಳೆಗಳನ್ನು ಅವನು ಬಿಡಿಸಿ ಕೊಡಲೇ ಇಲ್ಲ. ವರ್ಷಗಳ ನಂತರ ಒಂದು ಮದುವೆಮನೆಯಲ್ಲಿ, "ಅಕ್ಕಾ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎಂದನಂತೆ.

"ಆಯ್ತು ಅಂದೆ. ಆದ್ರೆ ಬಳೆಯ ಹೆಸರೇ ಎತ್ತಲಿಲ್ಲ ನೋಡು ಮಾರಾಯ್ತಿ."

ಆ 'ಏನಾದರೂ' ನನ್ನನ್ನು ಇನ್ನೂ ಬಿಟ್ಟಿಲ್ಲ.

ಬೈಬಲಿನಲ್ಲಿ ಎರಡು ಬಗೆಯ ಮಾತಿದೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳಿದಾಗ ಯೇಸು ಲೆಕ್ಕವಿಡಲಾಗದಷ್ಟು ಸಲ ಎನ್ನುತ್ತಾರೆ, ಅಲ್ಲಿ ಷರತ್ತಿಲ್ಲ. ಲೂಕನ 17ನೇ ಅಧ್ಯಾಯದಲ್ಲಾದರೋ ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ. ಶಿಲುಬೆಯ ಮೇಲೆ ಮತ್ತೆ, ಕೇಳದವರಿಗೂ ಕ್ಷಮೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲೇ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೂ ಹೀಗೆಯೇ. ಯಾರೂ ಬಂದು ಕೇಳಲೆಂದು ಅವರು ಕಾಯಲಿಲ್ಲ. ಶಿಕ್ಷೆಯನ್ನು ಕಾನೂನಿಗೆ ಬಿಟ್ಟರು.

ಹಾಗಾದರೆ ಪಶ್ಚಾತ್ತಾಪಕ್ಕೆ ಏನು ಕೆಲಸ? ಅದನ್ನು ಕ್ಷಮೆಯ ಬೆಲೆ ಎಂದುಕೊಂಡರೆ ನೊಂದವಳ ನೆಮ್ಮದಿಯೂ ತಪ್ಪು ಮಾಡಿದವನ ಕೈಯಲ್ಲೇ ಉಳಿಯುತ್ತದೆ. ಜಕ್ಕಾಯನ ಕತೆ ಬೇರೆ ದಾರಿ ತೋರಿಸುತ್ತದೆ. ಅವನ ಮನೆಗೆ ಬರುತ್ತೇನೆಂದಾಗ ಯೇಸು ಆ ಸುಂಕದವನಿಂದ ಏನನ್ನೂ ಕೇಳಿರಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದವನು ಅವನೇ. ಸಿಕ್ಕ ಕ್ಷಮೆಯನ್ನು ಕೈಚಾಚಿ ತೆಗೆದುಕೊಳ್ಳುವುದೆಂದರೆ ಅದು. ಕಥೋಲಿಕರ ಪಾಪನಿವೇದನೆಯಲ್ಲೂ, ಕೊಂಕಣಿಯವರ ಕುಮ್ಸಾರಿನಲ್ಲಿ, 'ಏನಾದರೂ' ನಡೆಯುವುದಿಲ್ಲ. ದೊಡ್ಡ ಪಾಪವನ್ನು ಹೆಸರು ಹಿಡಿದು ಹೇಳಬೇಕು, ಕದ್ದದ್ದನ್ನು ಸಾಧ್ಯವಿದ್ದರೆ ಹಿಂದಿರುಗಿಸಬೇಕು. ಆದರೆ ಕಳಕೊಂಡವಳು ಆ ಪೆಟ್ಟಿಗೆಯ ಆಚೆಗೂ ಇಲ್ಲ, ಈಚೆಗೂ ಇಲ್ಲ. ಮತ್ತಾಯನ 5ನೇ ಅಧ್ಯಾಯಕ್ಕೆ ಇದು ಗೊತ್ತಿದ್ದಂತಿದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಮನನೊಂದ ಸೋದರನ ಬಳಿ ಹೋಗಬೇಕೆಂದು ಅಲ್ಲಿದೆ. ಅತ್ತೂರಿನ ಸರದಿಗೆ ಈ ಮಾತು ಅನ್ವಯಿಸಿದರೆ ಎಷ್ಟು ಜನ ಉಳಿದಾರೋ! ನಾನಂತೂ ಇರುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಉಪದೇಶ ಮಾತ್ರ ಹೆಚ್ಚಾಗಿ ನೊಂದವರಿಗೇ. ಕ್ಷಮಿಸಿಬಿಡು, ದೊಡ್ಡವಳು ನೀನು. ಆಂಟಿ ಕ್ಷಮಿಸಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ತಮ್ಮನಿಗೆ ಅದು ಇನ್ನೂ ಸಿಕ್ಕಿಲ್ಲ, ಅಷ್ಟೆ.

"ಅವರು ಮತ್ತೆ ಬಂದ್ರೆ ಆಂಟಿ?" ಎಂದೆ.

"ಊಟ ಬಡಿಸ್ತೇನೆ. ಬಳೆ ಕೊಡ್ಲಿಕ್ಕಿಲ್ಲ."